ಫಿಲ್ಲರ್ ಹಾಕಿದ ಮೇಲೆ ಆವಿ ಜಾಸ್ತಿ ದಾಟುತ್ತಿದೆಯಾ? ಅಂಚಿನಿಂದ ಹುಡುಕುತ್ತಾ ಬನ್ನಿ

ದೂರು ಇಷ್ಟೇ. ಸಾದಾ ಇವಿಎ (ಎಥಿಲೀನ್ ವಿನೈಲ್ ಅಸಿಟೇಟ್ ಅನ್ನುವ ಮೆತ್ತನೆ ಪ್ಲಾಸ್ಟಿಕ್) ಹಾಳೆಗಿಂತ ಖನಿಜದ ಪುಡಿ, ಅಂದರೆ ಫಿಲ್ಲರ್, ಬೆರೆಸಿದ ಹಾಳೆಯಲ್ಲೇ ಟೊಲುಯೀನ್ ಅನ್ನುವ ದ್ರಾವಕದ ಆವಿ ಜಾಸ್ತಿ ದಾಟುತ್ತಿತ್ತು. ಪುಡಿ ಹೆಚ್ಚಿಸಿದಷ್ಟೂ ಇನ್ನೂ ಜಾಸ್ತಿ. ಆಗಬೇಕಾದದ್ದು ಇದರ ಉಲ್ಟಾ.

ಹಾಸನದ ಒಂದು ಕಾಲೇಜಿನ ಪಾಲಿಮರ್ ಲ್ಯಾಬ್ ನೋಡಿಕೊಳ್ಳುವವನು ನಾನು. ಸಕಲೇಶಪುರದ ಕಡೆಯ ಹುಡುಗಿಯೊಬ್ಬಳು ಎಂ.ಎಸ್ಸಿ. ಪ್ರಾಜೆಕ್ಟಿಗೆ ಈ ಅಳತೆ ಮಾಡುತ್ತಿದ್ದಳು. ಐದು ಥರದ ಹಾಳೆ: ಸಾದಾ ಒಂದು, ಕ್ಯಾಲ್ಸಿಯಂ ಕಾರ್ಬೊನೇಟ್ ತೂಕದಲ್ಲಿ ಶೇಕಡಾ 10 ಮತ್ತು 20 ಹಾಕಿದ್ದು ಎರಡು, ಕೆಯೊಲಿನ್ ಜೇಡಿ ಅಷ್ಟಷ್ಟೇ ಹಾಕಿದ್ದು ಎರಡು. ಎಲ್ಲವೂ 1 ಮಿ.ಮೀ. ದಪ್ಪ. ಕಪ್ಪಿನೊಳಗೆ ಟೊಲುಯೀನ್ ಸುರಿದು, ಬಾಯಿಗೆ ಹಾಳೆ ಬಿಗಿದು, ಗಂಟೆಗೊಮ್ಮೆ ತೂಗುವುದು. ತೂಕ ಎಷ್ಟು ಇಳಿಯಿತೋ ಅಷ್ಟು ಆವಿ ದಾಟಿತು ಅಂತ ಲೆಕ್ಕ. ಸಾದಾ ಹಾಳೆ ಗಂಟೆಗೆ 38 ಮಿಲಿಗ್ರಾಂ ಬಿಟ್ಟಿತ್ತು. ಕಾರ್ಬೊನೇಟಿನ ಎರಡು ಹಾಳೆ 39 ಮತ್ತು 41. ಶೇಕಡಾ 20 ಜೇಡಿಯದ್ದು 50.

"ಸಾರ್, ಇದನ್ನೇ ಹೊಸ ರಿಸಲ್ಟ್ ಅಂತ ಬರೆದುಬಿಡಲಾ? ಪುಡಿಯ ಮೈ ಹಿಡಿದುಕೊಂಡು ಆವಿ ಜಾರುತ್ತೆ ಅಂತ ಒಂದು ಪೇಪರಲ್ಲಿ ಓದಿದೀನಿ" ಅಂದಳು.

"ಬರೆಯೋಣ ಕಣಮ್ಮ, ಮೊದಲು ಆ ಕಪ್ ತಗೊಂಡು ಬಾ" ಅಂದೆ.

ಅವಳು ಓದಿದ್ದು ಸುಳ್ಳಲ್ಲ. ಪುಡಿ ಮತ್ತು ಪಾಲಿಮರ್ ನಡುವೆ ಸಂದು ಬಿಟ್ಟರೆ ಆವಿ ಹಾಗೆ ಜಾರುವುದುಂಟು. ಆದರೆ ಅದು ಕೊನೆಗೆ ಹೇಳಬೇಕಾದ ಮಾತು. ಎಷ್ಟೋ ಜನ ಅಲ್ಲಿಂದಲೇ ಶುರು ಮಾಡಿ ಮೂರು ತಿಂಗಳು ಕಳೆಯುತ್ತಾರೆ. ನನ್ನ ಪದ್ಧತಿ ಬೇರೆ. ಹುಡುಕಾಟ ಹೊರಗಿನಿಂದ ಒಳಗೆ ಬರಬೇಕು: ಮೊದಲು ಕಪ್ಪಿನ ಅಂಚು, ಆಮೇಲೆ ಹಾಳೆಯ ದಪ್ಪ, ಆಮೇಲೆ ಹೊತ್ತು ಮತ್ತು ಶಾಖ, ಆಮೇಲೆ ಪಾಲಿಮರ್, ಕಡೆಗೆ ಪುಡಿಯ ಮೈ.

ಮುಂದೆ ಹೋಗುವ ಮುಂಚೆ ಒಂದು ಎಚ್ಚರಿಕೆ. ಟೊಲುಯೀನಿನ ಫ್ಲ್ಯಾಶ್ ಪಾಯಿಂಟ್ ಸುಮಾರು 4 ಡಿಗ್ರಿ ಸೆಲ್ಸಿಯಸ್. ಹಾಸನದಲ್ಲಿ ಎಂಥಾ ಚಳಿಗೂ ಅದು ಕಿಡಿ ಕಂಡರೆ ಹತ್ತಿಕೊಳ್ಳುವ ಸ್ಥಿತಿಯಲ್ಲೇ ಇರುತ್ತದೆ. ಫ್ಯೂಮ್ ಹುಡ್ ಒಳಗೇ ಕೆಲಸ ಮಾಡಿ. ಶಾಖ ಒಂದೇ ಸಮ ಇರಲಿ ಅಂತ ಕಪ್ಪನ್ನು ಮಾಮೂಲಿ ಹಾಟ್ ಏರ್ ಓವನ್ನಿನೊಳಗೆ ಇಡಲೇಬೇಡಿ. ಅದರ ಥರ್ಮೋಸ್ಟಾಟ್ ಟಿಕ್ ಅಂದಾಗಲೆಲ್ಲ ಕಿಡಿ ಹಾರಬಹುದು.

ನಿಜಕ್ಕೂ ಎಷ್ಟು ಇಳಿಯಬೇಕಿತ್ತು?

ದೋಷ ಹುಡುಕುವ ಮೊದಲು ಸರಿಯಾದ ಉತ್ತರ ಸುಮಾರು ಎಲ್ಲಿರಬೇಕು ಅಂತ ಗೊತ್ತಿರಬೇಕು, ಅಲ್ವಾ? ಇಲ್ಲದಿದ್ದರೆ ಯಾವುದು ದೋಷ, ಯಾವುದು ಗುಣ ಅಂತ ಹೇಳುವುದು ಹೇಗೆ?

ಗಟ್ಟಿ ಹಾಳೆಯಲ್ಲಿ ಆವಿ ತೂತಿನೊಳಗೆ ನುಗ್ಗಿ ಹೋಗುವುದಿಲ್ಲ. ಒಂದು ಮುಖದಲ್ಲಿ ಪಾಲಿಮರ್‌ನೊಳಗೆ ಕರಗುತ್ತದೆ, ಒಳಗೆ ನಿಧಾನಕ್ಕೆ ಹರಡುತ್ತದೆ, ಇನ್ನೊಂದು ಮುಖದಲ್ಲಿ ಹೊರಬೀಳುತ್ತದೆ. ರಬ್ಬರ್ ಮೂಲಕ ಅನಿಲ ದಾಟುವುದನ್ನು ನೋಡಿ ಥಾಮಸ್ ಗ್ರಹಾಂ ಈ ಮಾತನ್ನು 1866ರಲ್ಲೇ ಹೇಳಿದ್ದ. ಹಾಗಾಗಿ ದಾಟುವ ಪ್ರಮಾಣ ಎರಡರ ಗುಣಲಬ್ಧ: ಎಷ್ಟು ಕರಗುತ್ತದೆ, ಎಷ್ಟು ಬೇಗ ಹರಡುತ್ತದೆ.

ಈಗ ಖನಿಜದ ಕಣ ಬಂತು. ಅದರೊಳಗೆ ಆವಿ ಕರಗುವುದಿಲ್ಲ. ಅಷ್ಟು ಜಾಗ ಆವಿಗೆ ಇಲ್ಲವಾಯಿತು. ಜೊತೆಗೆ ಕಣವನ್ನು ಬಳಸಿಕೊಂಡು ಹೋಗಬೇಕು, ದಾರಿ ಉದ್ದವಾಯಿತು. ಶಿರಾಡಿ ಘಾಟಿ ಇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಕ್ಷೆಯಲ್ಲಿ ಗೇಣುದ್ದ, ತಿರುವಿನಲ್ಲಿ ಅರ್ಧ ದಿನ.

ಆದರೆ ತಿರುವು ಎಷ್ಟು ಅನ್ನುವುದು ಕಣದ ಆಕಾರದ ಮೇಲೆ ನಿಂತಿದೆ. ಕ್ಯಾಲ್ಸಿಯಂ ಕಾರ್ಬೊನೇಟಿನ ಕಣ ಹೆಚ್ಚುಕಮ್ಮಿ ಗುಂಡು. ಗುಂಡು ಕಣಕ್ಕೆ ಮ್ಯಾಕ್ಸ್‌ವೆಲ್ 1873ರಲ್ಲಿ ಕೊಟ್ಟ ಲೆಕ್ಕವೇ ಸಾಕು. ಪುಡಿಯ ಗಾತ್ರದ ಪಾಲನ್ನು ಒಂದರಿಂದ ಕಳೆಯಿರಿ. ಅದನ್ನು, ಒಂದಕ್ಕೆ ಆ ಪಾಲಿನ ಅರ್ಧ ಕೂಡಿಸಿ ಬಂದದ್ದರಿಂದ ಭಾಗಿಸಿ. ಚಪ್ಪಟೆ ಹಲ್ಲೆಗಳಿಗೆ, ಅಂದರೆ ತೆಳು ಬಿಲ್ಲೆಯಂಥ ಕಣಗಳಿಗೆ, ನೀಲ್ಸನ್ 1967ರಲ್ಲಿ ಕೊಟ್ಟ ಸೂತ್ರವಿದೆ. ಅಲ್ಲಿ ಅರ್ಧದ ಬದಲು, ಹಲ್ಲೆಯ ಅಗಲ ದಪ್ಪದ ಎಷ್ಟು ಪಟ್ಟು ಇದೆಯೋ ಅದರ ಅರ್ಧದಿಂದ ಗುಣಿಸಬೇಕು.

ಇಲ್ಲೇ ಮೊದಲನೇ ಎಡವಟ್ಟು. ಸೂತ್ರ ಕೇಳುವುದು ಗಾತ್ರದ ಪಾಲು, ನಾವು ಲ್ಯಾಬಿನಲ್ಲಿ ತೂಗಿ ಹಾಕುವುದು ತೂಕದ ಪಾಲು. ಕಾರ್ಬೊನೇಟಿನ ಸಾಂದ್ರತೆ 2.71, ಇವಿಎಯದ್ದು ಸುಮಾರು 0.94. ತೂಕದಲ್ಲಿ ಶೇಕಡಾ 20 ಅಂದರೆ ಗಾತ್ರದಲ್ಲಿ ಬರೀ 8. ಮ್ಯಾಕ್ಸ್‌ವೆಲ್ ಲೆಕ್ಕಕ್ಕೆ ಹಾಕಿದರೆ 0.92 ಭಾಗಿಸು 1.04, ಅಂದರೆ 0.885. ಇಷ್ಟೆಲ್ಲ ಪುಡಿ ಅರೆದು ಬೆರೆಸಿದ್ದಕ್ಕೆ ಸಿಗುವ ಇಳಿಕೆ ಶೇಕಡಾ 11-12 ಅಷ್ಟೇ. ತೂಕದಲ್ಲಿ ಶೇಕಡಾ 10 ಹಾಕಿದ್ದಕ್ಕಂತೂ ಐದೂವರೆ. ಅರ್ಧಕ್ಕರ್ಧ ಇಳಿಯುತ್ತೆ ಅಂತ ಕಾಯುತ್ತಾ ಕೂತವರಿಗೆ ಸರಿಯಾದ ಉತ್ತರವೇ ದೋಷದ ಹಾಗೆ ಕಾಣುತ್ತದೆ.

ಜೇಡಿ ಚಪ್ಪಟೆ. ಅಗಲ ದಪ್ಪದ 20 ಪಟ್ಟು, ಎಲ್ಲ ಹಲ್ಲೆಗಳೂ ಹಾಳೆಗೆ ಸಮಾನಾಂತರವಾಗಿ ಮಲಗಿವೆ ಅಂದುಕೊಂಡರೆ, ಅದೇ ಶೇಕಡಾ 20 ತೂಕಕ್ಕೆ ನೀಲ್ಸನ್ ಲೆಕ್ಕ ಅರ್ಧಕ್ಕೆ ಬಂದು ನಿಲ್ಲುತ್ತದೆ. ನಿಜದಲ್ಲಿ ಎಲ್ಲ ಹಲ್ಲೆಗಳೂ ಅಷ್ಟು ಶಿಸ್ತಾಗಿ ಮಲಗುವುದಿಲ್ಲ, ಹಾಗಾಗಿ ಅರ್ಧಕ್ಕಿಂತ ಸ್ವಲ್ಪ ಮೇಲೇ ಇರುತ್ತದೆ. ಟಾಲ್ಕ್ ಕೂಡ ಇದೇ ಜಾತಿ. ಬೇಲೂರಿನ ಶಿಲ್ಪಿಗಳು ಮದನಿಕೆಯ ಬಳೆಯನ್ನೂ ಬಿಡಿಸಿ ಕೆತ್ತುವುದಕ್ಕೆ ಆದದ್ದು ಆ ಬಳಪದ ಕಲ್ಲು ಮೆತ್ತಗಿದ್ದದ್ದರಿಂದ. ಅಂಥ ಕಲ್ಲಿಗೆ ಆ ಮೆತ್ತನೆ ಗುಣ ಕೊಡುವುದು ಪದರ ಪದರವಾಗಿ ಜಾರುವ ಟಾಲ್ಕ್, ಕ್ಲೋರೈಟ್ ಥರದ ಖನಿಜಗಳು. ಪಾಲಿಮರ್‌ನಲ್ಲಿ ಆವಿಗೆ ಅಡ್ಡ ನಿಲ್ಲುವುದೂ ಅದೇ ಪದರ.

ಸರಿ, ನಮ್ಮ ಹುಡುಗಿಯ ಕೈಗೆ ಈಗ ಗುರಿ ಸಿಕ್ಕಿತು. ಕಾರ್ಬೊನೇಟ್ ಸುಮಾರು ಹತ್ತರಲ್ಲಿ ಒಂದು ಪಾಲು ಇಳಿಯಬೇಕು, ಜೇಡಿ ಹತ್ತಿರ ಹತ್ತಿರ ಅರ್ಧ. ಅವಳಿಗೆ ಬಂದದ್ದು ಎರಡೂ ಮೇಲೆ.

ಕಪ್ಪಿನ ಅಂಚು: ಹಾಳೆಯೇ ಇಲ್ಲದೆ ಅಳೆಯಿರಿ

ಮೊದಲ ಪರೀಕ್ಷೆಗೆ ಖರ್ಚಿಲ್ಲ. ಹಾಳೆಯ ಜಾಗದಲ್ಲಿ ಅದೇ ಅಳತೆಯ ಲೋಹದ ತಟ್ಟೆ ಕೂರಿಸಿ, ಅದೇ ಗ್ಯಾಸ್ಕೆಟ್, ಅದೇ ಬೋಲ್ಟ್, ಅದೇ ಟೊಲುಯೀನ್ ಹಾಕಿ ರಾತ್ರಿಯಿಡೀ ಬಿಡಿ. ಲೋಹದಲ್ಲಿ ಆವಿ ದಾಟುವುದಿಲ್ಲ. ತೂಕ ಇಳಿದರೆ ಅದು ಅಂಚಿನದ್ದು. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಸಾಕಲ್ವಾ ಅಂತ ಕೇಳುತ್ತಾರೆ. ಬೇಡ. ತೆಳು ಫಾಯಿಲ್‌ನಲ್ಲಿ ಸೂಜಿಮೊನೆಯ ತೂತುಗಳಿರುತ್ತವೆ. ಪಾತ್ರೆ ಅಂಗಡಿಯಲ್ಲಿ ಅಲ್ಯೂಮಿನಿಯಂ ತಗಡಿನ ಚೂರು ಕೇಳಿ, ದುಂಡಗೆ ಕತ್ತರಿಸಿಕೊಳ್ಳಿ.

ನಮ್ಮ ಕಪ್ಪಿನಲ್ಲಿ ಲೋಹದ ತಟ್ಟೆ ಗಂಟೆಗೆ 7 ಮಿಲಿಗ್ರಾಂ ಕಳೆದುಕೊಂಡಿತು. ಹಾಳೆಯೇ 40ರ ಆಸುಪಾಸು ಬಿಡುವಾಗ ಏಳು ಅಂದರೆ ಸಣ್ಣ ಮಾತಲ್ಲ.

ಇದು ಲೆಕ್ಕಕ್ಕೂ ಕೂಡುತ್ತದೆ. ನಮ್ಮ ಕಪ್ಪಿನ ಬಾಯಿ 5 ಸೆಂ.ಮೀ. ಅಗಲ, ಸುತ್ತಳತೆ ಸುಮಾರು 16 ಸೆಂ.ಮೀ. ಅಂಚಿನ ಸುತ್ತ 0.05 ಮಿ.ಮೀ. ಸಂದು, ಹೊರಗೆ ಬರಲು 5 ಮಿ.ಮೀ. ದಾರಿ ಅಂದುಕೊಳ್ಳಿ. 25 ಡಿಗ್ರಿಯಲ್ಲಿ ಟೊಲುಯೀನ್ ಆವಿಯಿಂದ ತುಂಬಿದ ಗಾಳಿಯಲ್ಲಿ ಘನ ಮೀಟರಿಗೆ ಸುಮಾರು 140 ಗ್ರಾಂ ಟೊಲುಯೀನ್ ಇರುತ್ತದೆ. ಗಾಳಿಯಲ್ಲಿ ಅದು ಹರಡುವ ವೇಗ ಹಾಕಿ ನೋಡಿದರೆ ಗಂಟೆಗೆ ಆರು ಮಿಲಿಗ್ರಾಂ ಮೇಲೆ ಬರುತ್ತದೆ. 0.05 ಮಿ.ಮೀ. ಅಂದರೆ ತಲೆಕೂದಲಿನ ದಪ್ಪ. ಕಣ್ಣಿಗೆ ಕಾಣುವುದಿಲ್ಲ, ಬಿಗಿಯಾಗಿದೆ ಅಂತಲೇ ಅನಿಸುತ್ತದೆ.

ಒಂದು ಅಡ್ಡಮಾತು. ಎಲ್ಲರೂ ಭೂತಗನ್ನಡಿ ಹಿಡಿದು ಹಾಳೆಯಲ್ಲಿ ತೂತು ಹುಡುಕುತ್ತಾರೆ. 1 ಮಿ.ಮೀ. ದಪ್ಪದ ಹಾಳೆಯಲ್ಲಿ 0.2 ಮಿ.ಮೀ. ತೂತು ಒಂದಿದ್ದರೂ ಅದರಿಂದ ಹೋಗುವುದು ಗಂಟೆಗೆ ಮಿಲಿಗ್ರಾಂನ ಹತ್ತನೇ ಒಂದು ಪಾಲಿನಷ್ಟು. ಇವಿಎ ತಾನೇ ಧಾರಾಳವಾಗಿ ಬಿಡುವಾಗ ಈ ತೂತು ಲೆಕ್ಕಕ್ಕಿಲ್ಲ. ಚಿಕ್ಕಮಗಳೂರಿನ ಕಾಫಿ ಪುಡಿಯ ಪೊಟ್ಟಣದ ಕಥೆ ಬೇರೆ. ಅಲ್ಯೂಮಿನಿಯಂ ಪದರದ ಆ ಹಾಳೆ ಏನನ್ನೂ ಬಿಡುವುದೇ ಇಲ್ಲ, ಹಾಗಾಗಿ ಅಲ್ಲಿ ಒಂದು ತೂತೇ ಎಲ್ಲವನ್ನೂ ಹಾಳು ಮಾಡುತ್ತದೆ. ಘಮ ಅನ್ನುವುದೂ ಸಾವಯವ ಆವಿಯೇ ತಾನೆ. ಯಾವ ದೋಷ ದೊಡ್ಡದು ಅನ್ನುವುದನ್ನು ಹಾಳೆ ತಾನು ಎಷ್ಟು ಬಿಡುತ್ತದೆ ಅನ್ನುವುದರ ಪಕ್ಕ ಇಟ್ಟು ನೋಡಬೇಕು.

ಮುಖ್ಯ ವಿಷಯಕ್ಕೆ ಬರುತ್ತೇನೆ. ಅಂಚು ಸೋರಿದರೆ ಎಲ್ಲ ಹಾಳೆಗೂ ಒಂದೇ ಸಮ ಸೋರಬೇಕಿತ್ತು. ಪುಡಿ ಹೆಚ್ಚಿದ ಹಾಗೆ ಸೋರಿಕೆ ಹೆಚ್ಚಿದ್ದು ಯಾಕೆ? ಹುಡುಗಿ ಕೇಳಿದ ಪ್ರಶ್ನೆ ಇದು, ಒಳ್ಳೇ ಪ್ರಶ್ನೆ. ಉತ್ತರ ಬೆರಳ ತುದಿಯಲ್ಲಿತ್ತು. ಸಾದಾ ಇವಿಎ ಚಪ್ಪಲಿಯ ಅಟ್ಟೆಯ ಹಾಗೆ ಮೆತ್ತಗೆ. ಬೋಲ್ಟ್ ತಿರುಗಿಸಿದರೆ ಅಂಚಿಗೆ ತಾನೇ ಅಮರಿಕೊಳ್ಳುತ್ತದೆ, ತಾನೇ ಗ್ಯಾಸ್ಕೆಟ್ ಆಗುತ್ತದೆ. ಪುಡಿ ಬಿದ್ದ ಹಾಳೆ ಗಡುಸು, ಮೈ ತರಿತರಿ. ಅಷ್ಟೇ ಬಿಗಿದರೂ ಅಷ್ಟು ಕೂರುವುದಿಲ್ಲ. ಹೀಗೆ ಅಂಚಿನ ಸೋರಿಕೆ ಪುಡಿಯ ಜೊತೆಗೇ ಏರುತ್ತಾ ಹೋಗಿ, ಪುಡಿಯದ್ದೇ ಗುಣ ಅನ್ನುವಂತೆ ವೇಷ ಹಾಕಿಕೊಂಡು ಬರುತ್ತದೆ. ನಾನು ನೋಡಿದ "ಹೊಸ ರಿಸಲ್ಟ್"ಗಳಲ್ಲಿ ಇಂಥವು ಒಂದೆರಡಲ್ಲ.

ಗ್ಯಾಸ್ಕೆಟ್ ನೋಡಿದರೆ ಅದು ಲಾರಿ ಟ್ಯೂಬಿನಿಂದ ಕತ್ತರಿಸಿದ ಕಪ್ಪು ರಬ್ಬರ್. ಯಾವುದೋ ಕಾಲದಲ್ಲಿ ನೀರಿನ ಆವಿ ಅಳೆಯಲು ಮಾಡಿದ್ದು. ನೀರಿಗೆ ಅದು ಸರಿ. ಟೊಲುಯೀನಿಗೆ ಆ ರಬ್ಬರೇ ಒಂದು ಬಾಗಿಲು. ಹೀರಿ ಊದಿಕೊಳ್ಳುತ್ತದೆ, ಹೊರಗಿನ ಅಂಚಿನಿಂದ ಬಿಡುತ್ತದೆ. ಕುಕ್ಕರ್ ಗ್ಯಾಸ್ಕೆಟ್ ತಂದು ಹಾಕಿದವರನ್ನೂ ಕಂಡಿದ್ದೇನೆ. ವ್ಯಾಕ್ಯೂಮ್ ಗ್ರೀಸ್, ಮೇಣ ಬಳಿಯುವುದೂ ಸುಮ್ನೆ. ಮೇಣ ಟೊಲುಯೀನಿನಲ್ಲಿ ಕರಗುತ್ತದೆ, ಸಿಲಿಕೋನ್ ಗ್ರೀಸ್ ಆವಿಯನ್ನು ಹೀರಿ ದಾಟಿಸುತ್ತದೆ.

ನಾವು ಮಾಡಿದ್ದು ಇಷ್ಟು. ಕಪ್ಪಿನ ಅಂಚನ್ನು ನುಣ್ಣನೆಯ ಮರಳುಕಾಗದದಿಂದ ಸಮ ಮಾಡಿದೆವು. ಹಾಳೆಯ ಎರಡೂ ಬದಿಗೆ ಟೆಫ್ಲಾನ್ ಬಳೆ ಇಟ್ಟೆವು. ಬೋಲ್ಟ್‌ಗಳನ್ನು ಎದುರುಬದುರು ಕ್ರಮದಲ್ಲಿ ಬಿಗಿದು, ಒಂದು ಗಂಟೆ ಬಿಟ್ಟು ಮತ್ತೆ ಬಿಗಿದೆವು. ಈ ಎರಡನೇ ಸಲದ ಬಿಗಿತ ಮರೆಯಬೇಡಿ. ಇವಿಎ ಒತ್ತಡಕ್ಕೆ ನಿಧಾನವಾಗಿ ಹರಿದು ತೆಳುವಾಗುತ್ತದೆ, ಮೊದಲ ಬಿಗಿತ ಸಡಿಲಾಗಿರುತ್ತದೆ. ಟೆಫ್ಲಾನ್ ಬಳೆ ಸಿಗದಿದ್ದರೆ ನಲ್ಲಿ ಕೆಲಸದವರು ಸುತ್ತುವ ಬಿಳಿ ಟೇಪನ್ನೇ ನಾಲ್ಕು ಸುತ್ತು ಹಾಸಿ. ನೋಡಲು ಚೆನ್ನಾಗಿರುವುದಿಲ್ಲ, ಕೆಲಸ ಮಾಡುತ್ತದೆ.

ಮತ್ತೆ ಲೋಹದ ತಟ್ಟೆ ಹಾಕಿ ನೋಡಿದಾಗ ಗಂಟೆಗೆ 0.3 ಮಿಲಿಗ್ರಾಂ.

ದಪ್ಪ: ಎರಡು ಕೆಲಸಕ್ಕೆ ಒಂದೇ ಅಳತೆ

ಅಂಚು ಸರಿಯಾಯಿತು ಅಂತ ನಂಬಿ ಕೂರಬೇಡಿ. ಲೋಹದ ತಟ್ಟೆ ಕೂರುವ ಹಾಗೆಯೇ ನಿಮ್ಮ ಹಾಳೆ ಕೂರುತ್ತದೆ ಅಂತ ಹೇಳಲಾಗದು. ಅದೇ ಮಿಶ್ರಣದಿಂದ 0.5, 1, 2 ಮಿ.ಮೀ. ದಪ್ಪದ ಮೂರು ಹಾಳೆ ಒತ್ತಿಕೊಳ್ಳಿ. ಹಾಳೆಯ ಮೂಲಕ ದಾಟುವ ಆವಿ ದಪ್ಪ ಎರಡರಷ್ಟಾದರೆ ಅರ್ಧವಾಗಬೇಕು. ಅಂಚಿನಿಂದ ಹೋಗುವುದಕ್ಕೆ ದಪ್ಪದ ಹಂಗಿಲ್ಲ. ಅಡ್ಡಕ್ಕೆ ಒಂದು ಭಾಗಿಸು ದಪ್ಪ, ಉದ್ದಕ್ಕೆ ಗಂಟೆಗೆ ಇಳಿದ ತೂಕ ಹಾಕಿ ಗೆರೆ ಎಳೆಯಿರಿ. ಗೆರೆ ಸೊನ್ನೆಯಲ್ಲಿ ಮುಗಿಯಬೇಕು. ಸೊನ್ನೆಗಿಂತ ಮೇಲೆ ಎಲ್ಲಿ ತಾಗುತ್ತದೋ ಅದು ಸೋರಿಕೆ.

ಗೆರೆ ತೆಳು ಹಾಳೆಯ ಕಡೆ ಬಗ್ಗಿ ಚಪ್ಪಟೆಯಾದರೆ ಅದು ಬೇರೆ ರೋಗ. ಅಲ್ಲಿ ಆವಿಯನ್ನು ತಡೆಯುತ್ತಿರುವುದು ಹಾಳೆಯಲ್ಲ, ದ್ರವಕ್ಕೂ ಹಾಳೆಗೂ ನಡುವಿನ ನಿಂತ ಗಾಳಿ. ನಮ್ಮ ಕಪ್ಪಿನಂಥ 20 ಚದರ ಸೆಂ.ಮೀ. ಬಾಯಿಗೆ, 1 ಸೆಂ.ಮೀ. ನಿಂತ ಗಾಳಿ ದಾಟಿಸಬಲ್ಲದ್ದು ಗಂಟೆಗೆ ಸುಮಾರು 0.8 ಗ್ರಾಂ ಟೊಲುಯೀನ್. ನಿಮ್ಮ ಅಂಕಿ ಇದರ ಹತ್ತಿರ ಬಂದರೆ ನೀವು ಗಾಳಿಯನ್ನು ಅಳೆಯುತ್ತಿದ್ದೀರಿ. 40 ಮಿಲಿಗ್ರಾಂನ ಇವಿಎಗೆ ಇದು ತೊಂದರೆಯಲ್ಲ. ತೆಳು ಸಿಲಿಕೋನ್ ರಬ್ಬರ್ ಹಾಳೆ ಹಾಕುವವರು ಮಾತ್ರ ದ್ರವವನ್ನು ಹಾಳೆಯ ಹತ್ತಿರಕ್ಕೆ ತುಂಬಬೇಕು, ಮೇಲೆ ಗಾಳಿ ಆಡುವಂತೆ ಮಾಡಬೇಕು.

ಇನ್ನು ದಪ್ಪ ಅಳೆಯುವ ಬಗೆ. ಕಾರ್ಬೊನೇಟ್ ಶೇಕಡಾ 10ರಲ್ಲಿ ನೀವು ಹುಡುಕುತ್ತಿರುವ ಬದಲಾವಣೆ ಐದೂವರೆ ಅಷ್ಟೇ ಅಂತ ಆಗಲೇ ಹೇಳಿದೆ. ಕೈಯಲ್ಲಿ ಒತ್ತಿದ ಹಾಳೆ ಒಂದು ಮೂಲೆಯಿಂದ ಇನ್ನೊಂದಕ್ಕೆ ಅಷ್ಟು ವ್ಯತ್ಯಾಸ ಆಗುವುದು ಮಾಮೂಲು. ಒಂದೇ ಕಡೆ ಸ್ಕ್ರೂಗೇಜ್ ಇಟ್ಟು ಬರೆದರೆ ಫಲಿತಾಂಶವೆಲ್ಲ ಅದರಲ್ಲೇ ಮುಳುಗಿಹೋಗುತ್ತದೆ. ಒಂಬತ್ತು ಕಡೆ ಅಳೆದು ಸರಾಸರಿ ಹಿಡಿಯಿರಿ. ಸ್ಕ್ರೂಗೇಜನ್ನು ಗಟ್ಟಿಯಾಗಿ ತಿರುಗಿಸಬೇಡಿ. ಮೆತ್ತನೆ ಹಾಳೆ ತಗ್ಗುತ್ತದೆ, ಪುಡಿ ಹಾಕಿದ್ದು ತಗ್ಗುವುದಿಲ್ಲ.

ಹೊತ್ತು ಮತ್ತು ಶಾಖ

ಬೆಳಿಗ್ಗೆ ಹತ್ತಕ್ಕೆ ಕಪ್ ಕಟ್ಟಿ ಹನ್ನೊಂದಕ್ಕೆ ತೂಗಿ "ಏನೂ ದಾಟುತ್ತಿಲ್ಲ" ಅನ್ನುವವರಿದ್ದಾರೆ. ಆವಿ ಹಾಳೆಯ ಆಚೆ ತಲುಪಿ ಸಮಗತಿಗೆ ಬರಲು ಹೊತ್ತು ಬೇಕು. ಇದಕ್ಕೆ ಡೇಯ್ನ್ಸ್ 1920ರಲ್ಲಿ ತೋರಿಸಿದ ಲೆಕ್ಕವಿದೆ: ದಪ್ಪದ ವರ್ಗವನ್ನು ಹರಡುವ ವೇಗದ ಆರು ಪಟ್ಟಿನಿಂದ ಭಾಗಿಸಿ. ಹರಡುವ ವೇಗ ಸೆಕೆಂಡಿಗೆ ಒಂದು ಚದರ ಸೆಂ.ಮೀ.ನ ಕೋಟಿಯಲ್ಲೊಂದು ಪಾಲು ಅಂತ ಇಟ್ಟುಕೊಂಡರೆ, 0.5 ಮಿ.ಮೀ. ಹಾಳೆಗೆ ಸುಮಾರು 70 ನಿಮಿಷ, 1 ಮಿ.ಮೀ.ಗೆ ನಾಲ್ಕೂವರೆ ಗಂಟೆ ಮೇಲೆ. ಅದರ ಮೂರು ಪಟ್ಟು ಹೊತ್ತು ಕಳೆದ ಮೇಲಿನ ಅಂಕಿಯನ್ನೇ ನಂಬಿ. ದಪ್ಪ ಎರಡು ಪಟ್ಟಾದರೆ ಕಾಯುವುದು ನಾಲ್ಕು ಪಟ್ಟು.

ಕೆಲವು ಖನಿಜ ಇಲ್ಲಿ ಮೋಸ ಮಾಡುತ್ತವೆ. ಜಿಯೊಲೈಟ್‌ನಂಥದ್ದು ಆವಿಯನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಹೊಟ್ಟೆ ತುಂಬುವವರೆಗೆ ಆಚೆ ಏನೂ ಬರುವುದಿಲ್ಲ, ತುಂಬಿದ ಮೇಲೆ ಮಾಮೂಲಿನಂತೆ ಬರುತ್ತದೆ. ಮೊದಲ ದಿನದ ಅಂಕಿ ನೋಡಿ ಒಳ್ಳೇ ತಡೆ ಅಂತ ಬರೆದಿರುತ್ತೀರಿ, ಮೂರನೇ ದಿನ ಗುಟ್ಟು ರಟ್ಟಾಗುತ್ತದೆ.

ಶಾಖದ ಬಗ್ಗೆ ಒಂದೇ ಅಂಕಿ ಸಾಕು. ಟೊಲುಯೀನಿನ ಆವಿ ಒತ್ತಡ 15 ಡಿಗ್ರಿಯಲ್ಲಿ ಪಾದರಸದ 17 ಮಿ.ಮೀ., 30 ಡಿಗ್ರಿಯಲ್ಲಿ 37. ಎರಡು ಪಟ್ಟಿಗಿಂತ ಜಾಸ್ತಿ. ಹಾಳೆಯೊಳಗೆ ಹರಡುವ ವೇಗವೂ ಶಾಖಕ್ಕೆ ಏರುತ್ತದೆ. ಫೆಬ್ರವರಿಯಲ್ಲಿ ನಮ್ಮೂರಲ್ಲಿ ಬೆಳಿಗ್ಗೆ ಸ್ವೆಟರ್, ಮಧ್ಯಾಹ್ನ ಫ್ಯಾನ್. ಸಾದಾ ಹಾಳೆಯನ್ನು ಬೆಳಿಗ್ಗೆ, ಜೇಡಿ ಹಾಳೆಯನ್ನು ಮಧ್ಯಾಹ್ನ ಅಳೆದರೆ ಏನಾಗುತ್ತದೆ ಅಂತ ನೀವೇ ಊಹಿಸಿ. ಎಲ್ಲ ಕಪ್ಪುಗಳನ್ನೂ ಒಟ್ಟಿಗೆ ಒಂದೇ ನೀರಿನ ತೊಟ್ಟಿಯಲ್ಲಿ ಇಡಿ. ಕರೆಂಟ್ ಹೋದರೂ ನೀರು ಬೇಗ ತಣಿಯುವುದಿಲ್ಲ, ತಣಿದರೂ ಎಲ್ಲಕ್ಕೂ ಒಂದೇ ಸಮ. ತೂಗುವ ಮುಂಚೆ ಕಪ್ಪಿನ ಹೊರಮೈ ಒರೆಸಿ ಒಣಗಿಸಲು ಮರೆಯಬೇಡಿ.

ಜೇಡಿ ಕದ್ದ ಪೆರಾಕ್ಸೈಡ್

ಇಷ್ಟು ಸರಿಪಡಿಸಿ ಮತ್ತೆ ಅಳೆದಾಗ ಸಾದಾ ಹಾಳೆ 36. ಕಾರ್ಬೊನೇಟ್ ಶೇಕಡಾ 10 ಹಾಕಿದ್ದು 34, ಶೇಕಡಾ 20 ಹಾಕಿದ್ದು 32. ಮ್ಯಾಕ್ಸ್‌ವೆಲ್ ಹೇಳಿದ ಜಾಗಕ್ಕೆ ಬಂದು ಕೂತವು. ಹುಡುಗಿಯ ಮುಖ ಅರಳಿತು. ಜೇಡಿ ಮಾತ್ರ 41ರಲ್ಲೇ ಹಟ ಹಿಡಿದು ನಿಂತಿತ್ತು. ಈಗ ದೋಷ ಹಾಳೆಯ ಒಳಗೇ ಇದೆ ಅಂತಾಯಿತು.

ಅವಳ ಹಾಳೆಗಳು ಡೈಕ್ಯುಮಿಲ್ ಪೆರಾಕ್ಸೈಡ್ ಹಾಕಿ 160 ಡಿಗ್ರಿಯಲ್ಲಿ ಒತ್ತಿದವು. ಪೆರಾಕ್ಸೈಡ್ ಬಿಸಿಗೆ ಒಡೆದು ರಾಡಿಕಲ್ (ತುಂಬ ಚುರುಕಾದ ಅಣುಚೂರು) ಹುಟ್ಟುತ್ತದೆ, ಅದು ಪಾಲಿಮರ್ ಎಳೆಗಳನ್ನು ಒಂದಕ್ಕೊಂದು ಗಂಟು ಹಾಕುತ್ತದೆ. ಗಂಟು ಜಾಸ್ತಿ ಇದ್ದರೆ ಹಾಳೆ ಟೊಲುಯೀನಿಗೆ ಕಡಿಮೆ ಊದುತ್ತದೆ, ಆವಿ ಕಡಿಮೆ ದಾಟುತ್ತದೆ. ಜೇಡಿಯ ಸಮಸ್ಯೆ ಅದರ ಹುಳಿ. ಸಂಸ್ಕರಿಸದ ಕೆಯೊಲಿನ್‌ನ ಮೈಮೇಲೆ ಆಮ್ಲದ ತಾಣಗಳಿರುತ್ತವೆ. ಅವುಗಳಿಗೆ ತಾಗಿದ ಪೆರಾಕ್ಸೈಡ್ ರಾಡಿಕಲ್ ಹುಟ್ಟದ ಬೇರೆ ದಾರಿಯಲ್ಲಿ ಒಡೆದು ವ್ಯರ್ಥವಾಗುತ್ತದೆ. ಅಳತೆಗೆ ಸರಿಯಾಗಿ ಹಾಕಿದ್ದೀರಿ, ಆದರೆ ಗಂಟು ಬಿದ್ದಿಲ್ಲ. ಜೇಡಿ ಹೆಚ್ಚಿದಷ್ಟೂ ಗಂಟು ಕಡಿಮೆ. ಹಲ್ಲೆಗಳು ದಾರಿ ತಡೆಯುತ್ತಿದ್ದರೂ ನಡುವಿನ ಪಾಲಿಮರ್ ಮೊದಲಿಗಿಂತ ಸಡಿಲ. ಘಾಟಿಗೆ ತಿರುವು ಸೇರಿಸಿದೆವು, ಜೊತೆಗೆ ರಸ್ತೆಯನ್ನೂ ಅಗಲ ಮಾಡಿಬಿಟ್ಟೆವು.

ಪತ್ತೆ ಸುಲಭ. ಹತ್ತು ಗ್ರಾಂ ಜೇಡಿಯನ್ನು 100 ಮಿಲಿ ಡಿಸ್ಟಿಲ್ಡ್ ವಾಟರ್‌ನಲ್ಲಿ ಕದಡಿ ಪಿಎಚ್ ನೋಡಿ. ಐದರ ಆಸುಪಾಸು ಬಂದರೆ ಅನುಮಾನ ಪಡಿ. ಕಾರ್ಬೊನೇಟ್ ಒಂಬತ್ತರ ಹತ್ತಿರ ಇರುತ್ತದೆ, ಅದಕ್ಕೇ ಅದು ಈ ತಕರಾರು ಮಾಡಲಿಲ್ಲ. ಆಮೇಲೆ ನಾಣ್ಯದಷ್ಟಗಲ ಎರಡು ಬಿಲ್ಲೆ, ಸಾದಾದ್ದು ಒಂದು, ಜೇಡಿಯದ್ದು ಒಂದು, ಟೊಲುಯೀನಿನಲ್ಲಿ ಒಂದು ದಿನ ಮುಳುಗಿಸಿಡಿ. ಸ್ಕೇಲಿನಿಂದ ಅಗಲ ಅಳೆಯಿರಿ. ಪುಡಿ ಊದುವುದಿಲ್ಲವಾದ್ದರಿಂದ ಜೇಡಿಯ ಬಿಲ್ಲೆ ಸಾದಾದ್ದಕ್ಕಿಂತ ಕಡಿಮೆ ಬೆಳೆಯಬೇಕು. ನಮ್ಮದು ಅದಕ್ಕಿಂತ ಜಾಸ್ತಿ ಬೆಳೆದು ಅಂಚಿನಲ್ಲಿ ಗಂಜಿಯಂತಾಗಿತ್ತು.

ಅಂಕಿ ಬೇಕು ಅನ್ನುವವರು ಜೆಲ್ ಪರೀಕ್ಷೆ ಮಾಡಿ. ಅರ್ಧ ಗ್ರಾಂ ತುಣುಕನ್ನು ಸ್ಟೀಲ್ ಜಾಲರಿಯ ಚೀಲದಲ್ಲಿ ಕಟ್ಟಿ, ಕುದಿಯುವ ಕ್ಸೈಲೀನಿನಲ್ಲಿ (ಟೊಲುಯೀನಿನಂಥದ್ದೇ ದ್ರಾವಕ) ಇಟ್ಟು, ಒಣಗಿಸಿ ತೂಗುವುದು. ಕರಗದೆ ಉಳಿದದ್ದು ಜೆಲ್. ಇಲ್ಲಿ ಎಲ್ಲರೂ ಮಾಡುವ ತಪ್ಪು ಪುಡಿಯನ್ನೂ ಜೆಲ್ ಅಂತ ಎಣಿಸುವುದು. ಶೇಕಡಾ 20 ಪುಡಿ ಇರುವ 0.5 ಗ್ರಾಂನಲ್ಲಿ ಪಾಲಿಮರ್ ಇರುವುದು 0.4. ಉಳಿದದ್ದು 0.3 ಗ್ರಾಂ ಆದರೆ, ಅದರಲ್ಲಿ 0.1 ಪುಡಿ, 0.2 ಜೆಲ್. ಅಂದರೆ ಜೆಲ್ ಶೇಕಡಾ 50, 60 ಅಲ್ಲ.

ಪರಿಹಾರಕ್ಕೆ ಪೆರಾಕ್ಸೈಡ್ ಹೆಚ್ಚು ಸುರಿಯುವುದು ಒಂದು ದಾರಿ. ನನಗೆ ಇಷ್ಟವಿಲ್ಲ, ಎಷ್ಟು ಕಳುವಾಗುತ್ತದೋ ಪ್ರತಿ ಸಲ ಊಹಿಸಬೇಕಾಗುತ್ತದೆ. ಸಿಲೇನ್ ಅನ್ನುವ ರಾಸಾಯನಿಕ ಹಚ್ಚಿದ ಜೇಡಿ ತರಿಸಿದೆವು. ಅದರಲ್ಲಿ ಹುಳಿ ತಾಣ ಮುಚ್ಚಿರುತ್ತದೆ, ಪಾಲಿಮರ್‌ಗೂ ಚೆನ್ನಾಗಿ ಅಂಟಿಕೊಳ್ಳುತ್ತದೆ.

ಪೆರಾಕ್ಸೈಡ್ ಹಾಳೆಗಳಲ್ಲಿ ಇನ್ನೊಂದು ಗುಪ್ತ ತೊಂದರೆ ಇದೆ. ಒತ್ತಿದ ಹೊಸ ಹಾಳೆಯನ್ನು ಮೂಸಿದರೆ ಸಿಹಿಯಾದ ಹೂವಿನಂಥ ವಾಸನೆ ಬರುತ್ತದೆ. ಅದು ಅಸಿಟೊಫಿನೋನ್, ಪೆರಾಕ್ಸೈಡ್ ಒಡೆದು ಉಳಿದ ಚೂರು. ಕಪ್ಪಿನ ಮೇಲೆ ಕೂತ ಹಾಳೆಯಿಂದ ಅದೂ ಆವಿಯಾಗಿ ತೂಕ ಇಳಿಸುತ್ತದೆ. ದ್ರಾವಣ ಸುರಿದು ಒಣಗಿಸಿ ಮಾಡಿದ ಹಾಳೆಯಲ್ಲಿ ಉಳಿದ ಸಾಲ್ವೆಂಟ್‌ದೂ ಇದೇ ಕಥೆ. ಗುರುತು ಏನೆಂದರೆ, ಮೊದಲ ಗಂಟೆಗಳಲ್ಲಿ ಇಳಿಕೆ ಜೋರಾಗಿದ್ದು ಆಮೇಲೆ ನಿಧಾನವಾಗುತ್ತದೆ. ನಿಜವಾದ ದಾಟುವಿಕೆ ಇದರ ಉಲ್ಟಾ, ನಿಧಾನಕ್ಕೆ ಶುರುವಾಗಿ ಏರುತ್ತದೆ. ಅಳೆಯುವ ಮುಂಚೆ ವ್ಯಾಕ್ಯೂಮ್ ಓವನ್ನಿನಲ್ಲಿ 60 ಡಿಗ್ರಿಗೆ ಇಟ್ಟು, ತೂಕ ನಿಂತ ಮೇಲೆ ತೆಗೆಯಿರಿ.

ಕಡೆಗೆ, ಪುಡಿಯ ಮೈ

ಇಷ್ಟೆಲ್ಲ ಆದ ಮೇಲೂ ಆವಿ ಜಾಸ್ತಿ ಬಂದರೆ ಆಗ ಸಂದಿನ ಮಾತಾಡಬಹುದು. ಪುಡಿ ಗಂಟುಗಂಟಾಗಿ ಉಳಿದರೆ ಗಂಟಿನೊಳಗೆ ಪಾಲಿಮರ್ ಹೋಗುವುದಿಲ್ಲ, ಟೊಳ್ಳು ಉಳಿಯುತ್ತದೆ. ಟೊಳ್ಳುಗಳು ಸಾಲಾಗಿ ಸೇರಿದರೆ ಘಾಟಿ ತಿರುವುಗಳ ನಡುವೆ ದನ ಕಾಯುವವರ ಕಾಲುದಾರಿ ಸಿಕ್ಕಂತೆ.

ಸಾಂದ್ರತೆ ಇದನ್ನು ಹೇಳಿಬಿಡುತ್ತದೆ. ಶೇಕಡಾ 20 ಕಾರ್ಬೊನೇಟಿನ ಹಾಳೆ ಲೆಕ್ಕದ ಪ್ರಕಾರ 1.08 ತೂಗಬೇಕು. ನೀರಿನಲ್ಲಿ ಮುಳುಗಿಸಿ ತೂಗಿದಾಗ 1.05 ಬಂದರೆ ಸುಮಾರು ಶೇಕಡಾ 3 ಟೊಳ್ಳು. ಕೈಯಲ್ಲಿ ಮಡಚಿಯೂ ನೋಡಿ. ಮಡಿಕೆಯಲ್ಲಿ ಬೇಗ ಬಿಳಿ ಗೆರೆ ಮೂಡಿದರೆ ಪುಡಿ ಪಾಲಿಮರ್‌ನಿಂದ ಬಿಟ್ಟುಕೊಳ್ಳುತ್ತಿದೆ.

ಟೊಳ್ಳಿನ ದೊಡ್ಡ ಕಾರಣ ನಮ್ಮ ಕಡೆ ಮಳೆಗಾಲ. ಜೂನ್ ಆದಮೇಲೆ ಜೇಡಿಯ ಡಬ್ಬ ತೆರೆದಿಟ್ಟರೆ ಅದು ನೀರು ಹೀರುತ್ತದೆ. 160 ಡಿಗ್ರಿ ಪ್ರೆಸ್‌ನಲ್ಲಿ ಆ ನೀರು ಗುಳ್ಳೆಯಾಗುತ್ತದೆ. ರಾತ್ರಿಯಿಡೀ 110 ಡಿಗ್ರಿಯಲ್ಲಿ ಒಣಗಿಸಿ, ಬಿಸಿ ಇರುವಾಗಲೇ ಪಾಲಿಮರ್ ಜೊತೆ ಬೆರೆಸುವ ಮಿಲ್‌ಗೆ ಹಾಕಿ. ಇದೇ ಮಳೆಗಾಲದಲ್ಲಿ ಟೊಲುಯೀನಿನ ಬದಲು ಮೆಥನಾಲ್, ಅಸಿಟೋನ್ ಅಳೆಯುವವರಿಗೆ ಇನ್ನೊಂದು ಕಾಟ. ಆವಿ ಹೊರಗೆ ಹೋಗುವಾಗ ಹೊರಗಿನ ನೀರಿನ ಆವಿ ಹಾಳೆ ದಾಟಿ ಒಳಗೆ ಬಂದು ದ್ರವದಲ್ಲಿ ಸೇರಿಕೊಳ್ಳುತ್ತದೆ, ತೂಕದ ಇಳಿಕೆ ಕಡಿಮೆ ಕಾಣುತ್ತದೆ. ಕಪ್ಪಿನ ಸುತ್ತ ಒಣ ಗಾಳಿ ಇರಬೇಕು.

ಪುಡಿ ನಿಜಕ್ಕೂ ಅಷ್ಟು ಇದೆಯಾ ಅಂತ ಸುಟ್ಟು ನೋಡುವವರಿಗೆ ಒಂದು ಮಾತು. 600 ಡಿಗ್ರಿಯಲ್ಲಿ ಕೆಯೊಲಿನ್ ತನ್ನೊಳಗಿನ ನೀರು ಬಿಟ್ಟು ಸುಮಾರು ಶೇಕಡಾ 14 ತೂಕ ಕಳೆದುಕೊಳ್ಳುತ್ತದೆ. 20 ಹಾಕಿದ್ದಕ್ಕೆ 17 ಬಂದರೆ ಮಿಲ್‌ನಲ್ಲಿ ಚೆಲ್ಲಿತು ಅಂತ ಯಾರನ್ನೂ ಬೈಯಬೇಡಿ. ನಮ್ಮ ಅಟೆಂಡರ್ ಅಣ್ಣ ಈ ವಿಷಯಕ್ಕೆ ಒಂದು ಸಲ ಸುಮ್ಮಸುಮ್ಮನೆ ಬೈಸಿಕೊಂಡಿದ್ದರು. ಬೈದವನು ನಾನೇ.

ಸಿಲೇನ್ ಜೇಡಿಯ ಹೊಸ ಹಾಳೆ ಏಪ್ರಿಲ್ ಎರಡನೇ ವಾರ ಕಪ್ಪಿಗೆ ಏರಿತು. ಒಂದು ರಾತ್ರಿ ಬಿಟ್ಟು, ಮರುದಿನ ಐದು ಸಲ ತೂಗಿದಳು. ಗಂಟೆಗೆ 23 ಮಿಲಿಗ್ರಾಂ. ಸಾದಾ ಹಾಳೆಯ 36ರ ಪಕ್ಕ ಇಟ್ಟರೆ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಇಳಿಕೆ. ನೀಲ್ಸನ್ ಲೆಕ್ಕದ 18ಕ್ಕೆ ಇನ್ನೂ ಐದು ಬಾಕಿ. ಹಲ್ಲೆಗಳು ಓರೆಯಾಗಿ ಮಲಗಿವೆಯಾ ಅಂತ ಹಾಳೆಯ ಅಡ್ಡಕೊಯ್ತ ನೋಡಲು ತುಣುಕನ್ನು ಮೈಸೂರಿಗೆ ಕಳಿಸಿದ್ದಾಳೆ.